ಊರಿಗೆ ಹೋಗಿ ಕಾಗದ ಹಾಕ್ತೀವಿ

ನಮ್ಮ ದೊಡ್ಡಮ್ಮನನ್ನು ನೋಡೋದಕ್ಕೆ 1984ರಲ್ಲಿ ಶಿವಮೊಗ್ಗ ಕಡೆಯಿಂದ ಗಂಡಿನವರು ಬಂದಿದ್ದರಂತೆ. ಒಟ್ಟು ಏಳು ಜನ. ಉಪ್ಪಿಟ್ಟು, ಕೇಸರಿಬಾತು ಎರಡೆರಡು ಸಲ ಹಾಕಿಸಿಕೊಂಡರು. ಹುಡುಗಿ ಕೈಲಿ ಒಂದು ದೇವರನಾಮ ಹಾಡಿಸಿದರು, ಸಾಲದು ಅಂತ ಇನ್ನೊಂದು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಗಂಡಿನ ಸೋದರಮಾವ ಒಂದು ಮಾತು ಹೇಳಿದರು: "ಊರಿಗೆ ಹೋಗಿ ಕಾಗದ ಹಾಕ್ತೀವಿ." ಆ ಕಾಗದ ಇವತ್ತಿನವರೆಗೂ ಬಂದಿಲ್ಲ. ದೊಡ್ಡಮ್ಮ ಆಮೇಲೆ ಹಾಸನದವರನ್ನು ಮದುವೆಯಾಗಿ, ಎರಡು ಮಕ್ಕಳಾಗಿ, ಈಗ ಮೊಮ್ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಿದ್ದಾರೆ.

ಆ ಸೋದರಮಾವ ಎಲ್ಲಿ ಹೋದರು ಅಂತ ನನಗೆ ಈಗ ಗೊತ್ತಾಯಿತು. ಅಮೆರಿಕದಲ್ಲಿದ್ದಾರೆ. ಸೋಷಿಯಾಲಜಿ ಪಿಎಚ್‌ಡಿ ಅಡ್ಮಿಷನ್ ಕಮಿಟಿಯಲ್ಲಿ ಕೂತಿದ್ದಾರೆ.

ನಾನು ಸೋಷಿಯಾಲಜಿ ಎಂ.ಎ. ಮಾಡಿದ ಮೈಸೂರಿನ ಹುಡುಗಿ. ವಯಸ್ಸು ಇಪ್ಪತ್ತಾರು, ಅಂದರೆ ಒಂದೇ ಸಲ ಎರಡು ಕಡೆಗೆ ಬಯೋಡೇಟಾ ಹೋಗುವ ವಯಸ್ಸು. 2024ರ ಡಿಸೆಂಬರ್‌ನಲ್ಲಿ ಅಮ್ಮ ನನ್ನ ಫೋಟೋ ಮ್ಯಾಟ್ರಿಮೊನಿಗೆ ಹಾಕಿದರು, ನಾನು ಎಂಟು ಅಮೆರಿಕನ್ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದೆ. ಇಬ್ಬರೂ ಒಂದೇ ದಿವಾನದ ಎರಡು ತುದಿಯಲ್ಲಿ ಕೂತು, ಎರಡು ಮೊಬೈಲ್ ಹಿಡಿದುಕೊಂಡು ಕಾದೆವು. ಮ್ಯಾಟ್ರಿಮೊನಿಯವರು ಎರಡೇ ದಿನದಲ್ಲಿ ಬೇಡ ಅಂದರು. ಒಳ್ಳೆಯ ಜನ.

ಸೋಷಿಯಾಲಜಿಯಲ್ಲಿ ಪಿಎಚ್‌ಡಿ ಅಂದರೆ ನಮ್ಮ ಲೇಔಟ್‌ನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. "ಸೋಷಿಯಲ್ ವರ್ಕಾ? ಒಳ್ಳೇದಮ್ಮಾ, ಪುಣ್ಯದ ಕೆಲಸ" ಅಂತಾರೆ ಎದುರುಮನೆ ಅಂಕಲ್. ಅವರ ಮಗ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡೋಕೆ ಟೆಕ್ಸಾಸ್‌ಗೆ ಹೋಗಿದ್ದಾನೆ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹಳ್ಳಿಗಳನ್ನು ನೋಡಿ 'ಪ್ರಬಲ ಜಾತಿ' ಅಂತ ಒಂದು ಮಾತು ಕೊಟ್ಟರಲ್ಲ, ಸಂಖ್ಯೆಯಲ್ಲಿ ಜಾಸ್ತಿ, ಜಮೀನು ಜಾಸ್ತಿ, ಊರಲ್ಲಿ ಮಾತು ನಡೆಯುವವರು ಅಂತ, ನಮ್ಮ ಲೇಔಟ್‌ನಲ್ಲಿ ಆ ಜಾತಿ ಕಂಪ್ಯೂಟರ್ ಸೈನ್ಸ್. ಸಂಖ್ಯೆ ಇದೆ, ಮೂರು ಸೈಟ್ ಇದೆ, ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಅವರ ಮಾತೇ ಕೊನೆ. ಅಮೆರಿಕದಲ್ಲಿ ಸೋಷಿಯಾಲಜಿ ಪಿಎಚ್‌ಡಿಗೆ ಸಾಮಾನ್ಯವಾಗಿ ನಾವು ಫೀಸ್ ಕಟ್ಟುವುದಿಲ್ಲ, ಅವರೇ ಐದು ವರ್ಷ ಸ್ಟೈಪೆಂಡ್ ಕೊಡುತ್ತಾರೆ ಅಂತ ಅಂಕಲ್‌ಗೆ ಹೇಳಿದೆ. ಅವರು ನನ್ನನ್ನು ಚೈನ್ ಲಿಂಕ್ ಸ್ಕೀಮ್ ಮಾರಲು ಬಂದವಳ ಥರ ನೋಡಿದರು.

ಶ್ರೀನಿವಾಸರನ್ನು ಸುಮ್ನೆ ನೆನೆಸಿಕೊಂಡಿದ್ದಲ್ಲ. ಅರ್ಜಿಯ ಜೊತೆ 'ಸ್ಟೇಟ್‌ಮೆಂಟ್ ಆಫ್ ಪರ್ಪಸ್' ಅಂತ ಒಂದು ಬರೆಯಬೇಕು, ನಾನ್ಯಾಕೆ ಹುಟ್ಟಿದೆ ಅನ್ನುವುದನ್ನು ಎರಡು ಪುಟದಲ್ಲಿ. ನಾನು ಶ್ರೀನಿವಾಸರಿಂದ ಶುರು ಮಾಡಿದೆ. ಅವರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು ಟಿಪ್ಪಣಿ ಮಾಡಿಕೊಂಡರು, 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತು ಅದನ್ನು ಬರೆಯುವ ಹೊತ್ತಿಗೆ ಯಾರೋ ಬೆಂಕಿ ಇಟ್ಟು, ವಿಂಗಡಿಸಿ ಸಿದ್ಧ ಮಾಡಿಟ್ಟ ಟಿಪ್ಪಣಿಗಳು ಸುಟ್ಟುಹೋದವು, ಮನುಷ್ಯ ಬಹುಮಟ್ಟಿಗೆ ನೆನಪಿನ ಮೇಲೆಯೇ ಪುಸ್ತಕ ಬರೆದರು. ಎಂಥ ಆರಂಭ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಎಂ.ಎ. ಕ್ಲಾಸ್‌ಮೇಟ್ ಇಬ್ಬರದು ಓದಿದೆ. ಇಬ್ಬರದೂ ಸ್ಟ್ಯಾನ್‌ಫರ್ಡ್ ಬೆಂಕಿಯಿಂದಲೇ ಶುರು. ಆ ಕಮಿಟಿಯವರು ವರ್ಷಾ ವರ್ಷಾ ಡಿಸೆಂಬರ್‌ನಲ್ಲಿ ಮೈಸೂರಿನ ಹೊಗೆ ಕುಡಿಯುತ್ತಿರಬೇಕು, ಪಾಪ.

ಇನ್ನು ದುಡ್ಡಿನ ವಿಷಯ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಾರೆ, ಸರಿ. ಆದರೆ ನೋಡಿದ್ದಕ್ಕೆ ಬಿಲ್ ಕೊಡುವ ಗಂಡಿನವರನ್ನು ದೊಡ್ಡಮ್ಮ ಕೂಡ ಕಂಡಿಲ್ಲ. ಇಲ್ಲಿ ನನ್ನ ಒಂದೊಂದು ಅರ್ಜಿಗೆ 75ರಿಂದ 125 ಡಾಲರ್ ಬಿತ್ತು. ನನ್ನ ಎಂಟಕ್ಕೆ ಒಟ್ಟು ಸುಮಾರು 66 ಸಾವಿರ ರೂಪಾಯಿ, ಅಪ್ಪನ ಕಾರ್ಡಿನಲ್ಲಿ. ಒಂದು ಕಡೆ ಸೀಟು ಸಿಗಲಿ ಬಿಡಲಿ, ವಾಪಸ್ ಇಲ್ಲ. ಬಡವರಿಗೆ ಫೀ ಮಾಫಿ ಇದೆ, ಆದರೆ ಹಲವು ಕಡೆ ಅದು ಅಮೆರಿಕದ ಬಡವರಿಗೆ ಮಾತ್ರ. ಜಗತ್ತಿನ ಅಸಮಾನತೆಯ ಬಗ್ಗೆ ಆಳವಾದ ಸಂಶೋಧನೆ ಮಾಡುವ ವಿಭಾಗ ನಮ್ಮದು ಅಂತ ವೆಬ್‌ಸೈಟ್‌ನಲ್ಲಿ ಬರೆದಿರುತ್ತೆ. ಕೆಳಗೆ ಬಂದರೆ 'ಪೇ ನೌ'.

ಜಿಆರ್‌ಇ ಪರೀಕ್ಷೆ ಈಗ ಹಲವು ಕಡೆ ಕಡ್ಡಾಯ ಅಲ್ಲ, ಬೇಕಿದ್ದರೆ ಕಳಿಸಿ ಅಂತಾರೆ. ಈ 'ಬೇಕಿದ್ದರೆ' ಏನು ಅಂತ ತಿಳಿಯದೆ ಅಮ್ಮನನ್ನು ಕೇಳಿದೆ. "ನಾವೇನೂ ಕೇಳಲ್ಲಪ್ಪ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ ಅಂತಾರಲ್ಲ, ಅದು" ಅಂದರು. ತಕ್ಷಣ ಅರ್ಥವಾಯಿತು. ಬರೆದೆ.

ಟೋಫೆಲ್ ಅಂತ ಇಂಗ್ಲಿಷ್ ಪರೀಕ್ಷೆ ಬೇರೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಎಂ.ಎ. ಇಂಗ್ಲಿಷ್‌ನಲ್ಲಿ, ಅರ್ಜಿಯ ಜೊತೆ ಇಟ್ಟಿರುವ ಇಪ್ಪತ್ತೈದು ಪುಟದ ಲೇಖನ ಇಂಗ್ಲಿಷ್‌ನಲ್ಲಿ. ಆದರೂ ನಮಗೆ ಇಂಗ್ಲಿಷ್ ಬರುತ್ತೆ ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಕು. ಅದೂ ಎರಡು ವರ್ಷಕ್ಕೆ ಮಾತ್ರ ಸಿಂಧು. ಆಮೇಲೆ ನಾವು ಮರೆತುಬಿಡುತ್ತೇವೆ ಅಂತ ಲೆಕ್ಕ. ಇದು ಭಾಷೆಯೋ ಹಾಲಿನ ಪ್ಯಾಕೆಟ್ಟೋ.

ಶಿಫಾರಸು ಪತ್ರದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂರು ಜನ ಮೇಷ್ಟ್ರು ನನ್ನ ಬಗ್ಗೆ ಗುಟ್ಟಾಗಿ ಪತ್ರ ಬರೆಯಬೇಕು. ಅದು ಅಲ್ಲಿನ ಪದ್ಧತಿ. ಇಲ್ಲಿನ ಪದ್ಧತಿ ಬೇರೆ. ನಮ್ಮ ಸರ್ ಒಳ್ಳೆಯವರು, ಮನೆಗೆ ಹೋದರೆ ಕಾಫಿ ಕೊಡದೆ ಕಳಿಸುವವರಲ್ಲ. ಕಾಫಿ ಕೊಟ್ಟು ಹೇಳಿದರು, "ನೀನೇ ಬರ್ಕೊಂಡು ಬಾಮ್ಮ, ನಾನು ಸೈನ್ ಹಾಕ್ತೀನಿ." ಸರಿ, ನಾನೇ ಬರೆದೆ. ನನ್ನ ಮೂವತ್ತು ವರ್ಷದ ಬೋಧನೆಯಲ್ಲಿ ಇಂಥ ವಿದ್ಯಾರ್ಥಿನಿಯನ್ನು ಕಂಡಿಲ್ಲ ಅಂತ ನನ್ನ ಬಗ್ಗೆ ನಾನೇ ಬರೆದುಕೊಳ್ಳುವಾಗ ಫ್ಯಾನ್ ಆಫ್ ಮಾಡಿ ಕೂತಿದ್ದೆ, ಆ ಬೆವರಾದರೂ ಪ್ರಾಮಾಣಿಕವಾಗಿರಲಿ ಅಂತ. ಆಮೇಲೆ ಅರ್ಜಿಯ ಫಾರಂನಲ್ಲಿ ಒಂದು ಪ್ರಶ್ನೆ ಬಂತು: ಈ ಪತ್ರವನ್ನು ಮುಂದೆಂದೂ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ನಾನೇ ಬರೆದ ಪತ್ರವನ್ನು ನಾನು ಯಾವತ್ತೂ ನೋಡುವುದಿಲ್ಲ ಅಂತ ಟಿಕ್ ಹಾಕಿ, ಕೆಳಗೆ ಹೆಸರು ಟೈಪ್ ಮಾಡಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸರ್‌ಗೆ ಯೂನಿವರ್ಸಿಟಿ ಇಮೇಲ್ ಇದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಯಾಹೂ ಐಡಿ ಕೊಟ್ಟರೆ ಅಮೆರಿಕದವರಿಗೆ ಅನುಮಾನ. ಲಿಂಕ್ ಸ್ಪ್ಯಾಮ್‌ಗೆ ಹೋಗಿ ಬಿತ್ತು. ಕೊನೆಯ ದಿನ ರಾತ್ರಿ ಹತ್ತು ಗಂಟೆಗೆ ಅವರ ಮನೆಗೆ ಹೋಗಿ, ಅವರ ಲ್ಯಾಪ್‌ಟಾಪಿನಲ್ಲಿ ನಾನೇ ಅಪ್‌ಲೋಡ್ ಮಾಡಿದೆ. ಅಲ್ಲೊಂದು ಕೋಷ್ಟಕ ಇತ್ತು: ಈ ವಿದ್ಯಾರ್ಥಿನಿ ಮೊದಲ ಶೇ. 2ರೊಳಗೋ, 5ರೊಳಗೋ, 10ರೊಳಗೋ? ಸರ್ ಕನ್ನಡಕ ಏರಿಸಿ ನೋಡಿದರು. "ಎರಡು ಅಂತ ಹಾಕು. ಹತ್ತು ಅಂದ್ರೆ ಫೇಲ್ ಅಂದ್ಕೋತಾರೆ."

ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಪಟ್ಟಿ, ತರಲು ಕುಲಸಚಿವರು (ಮೌಲ್ಯಮಾಪನ) ಕಚೇರಿಗೆ ಆರು ಸಲ ಅಲೆದೆ. ಅದರ ಬಗ್ಗೆ ಬರೆಯಲ್ಲ. ಚಲನ್, ಸೀಲು, ಊಟದ ಸಮಯ. ಓದುವವರಿಗೆ ಗೊತ್ತಿರುತ್ತೆ.

ಹಾಗೆ ಎಲ್ಲಾ ಕಳಿಸಿ ಆಯಿತು. ಪೋರ್ಟಲ್ ತೆರೆದರೆ 'ಅಂಡರ್ ರಿವ್ಯೂ' ಅಂತ ತೋರಿಸಿತು. ಈಗ ಕಾಯುವುದು.

ಅಮೆರಿಕದಲ್ಲಿ ಆಫೀಸ್ ತೆರೆಯುವ ಹೊತ್ತಿಗೆ ನಮಗೆ ರಾತ್ರಿ. ಪೂರ್ವ ಕರಾವಳಿಯವರು ಬೆಳಗ್ಗೆ ಒಂಬತ್ತಕ್ಕೆ ಬಂದು ಕೂತರೆ ನಮ್ಮಲ್ಲಿ ಸಂಜೆ ಏಳೂವರೆ. ಕ್ಯಾಲಿಫೋರ್ನಿಯಾದವರು ಐದಕ್ಕೆ ಬೀಗ ಹಾಕಿದರೆ ನಮ್ಮಲ್ಲಿ ಮರುದಿನ ಬೆಳಗ್ಗೆ ಆರೂವರೆ. ಅಂದರೆ ಸೊಪ್ಪಿನವಳು ಕೂಗುವವರೆಗೆ ನನಗೆ ಕಚೇರಿ ಅವಧಿ. ಜನವರಿ ಕೊನೆಯಿಂದ ಹೀಗೇ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿಕೊಂಡರು. ನನ್ನ ಡ್ಯೂಟಿ ಆರೂವರೆಗೆ ಶುರುವಾಯಿತು. ಇಡೀ ಮೈಸೂರಿನಲ್ಲಿ ಅಮೆರಿಕದ ಡೇಲೈಟ್ ಸೇವಿಂಗ್ ಪ್ರಕಾರ ದೇವರ ದೀಪ ಹಚ್ಚಿದವಳು ನಾನೊಬ್ಬಳೇ ಇರಬೇಕು.

ರಾತ್ರಿ ಎರಡು ಗಂಟೆಗೆ ಫೋನ್ ಟಣ್ ಅಂದರೆ ಎದ್ದು ಕೂರುವುದು. ನೋಡಿದರೆ ಬಿಗ್‌ಬಾಸ್ಕೆಟ್‌ನವರು, ಈರುಳ್ಳಿ ಮೇಲೆ ರಿಯಾಯಿತಿ.

ಈಗ ನಿಜವಾದ ತಮಾಷೆಗೆ ಬರುತ್ತೇನೆ. ಬೇರೆ ಯಾವ ವಿಷಯದವರಾದರೂ ಹೀಗೆ ಕಾಯಿಸಿದರೆ, ಅವರಿಗೆ ಗೊತ್ತಿಲ್ಲ ಬಿಡಿ ಅನ್ನಬಹುದಿತ್ತು. ರಸಾಯನಶಾಸ್ತ್ರದವರಿಗೆ ಆಸಿಡ್ ಗೊತ್ತು, ಕಾಯುವುದರ ಬಗ್ಗೆ ಏನು ಗೊತ್ತು? ಆದರೆ ಸೋಷಿಯಾಲಜಿಯವರು ಕಾಯುವುದನ್ನೇ ಅಧ್ಯಯನ ಮಾಡಿದ್ದಾರೆ! ಬ್ಯಾರಿ ಶ್ವಾರ್ಟ್ಸ್ ಅಂತ ಒಬ್ಬ ಅಮೆರಿಕನ್ ಸಮಾಜಶಾಸ್ತ್ರಜ್ಞ 1975ರಲ್ಲಿ ಸರತಿ ಸಾಲು, ಕಾಯುವಿಕೆ ಇವುಗಳ ಮೇಲೆಯೇ ಇಡೀ ಪುಸ್ತಕ ಬರೆದರು. ಅದರ ಸಾರ ಸ್ಥೂಲವಾಗಿ ಇಷ್ಟು: ಯಾರು ಯಾರನ್ನು ಎಷ್ಟು ಹೊತ್ತು ಕಾಯಿಸುತ್ತಾರೆ ಅನ್ನುವುದರಲ್ಲಿ ಅಧಿಕಾರ ಇದೆ, ಕಾಯಿಸುವವನು ನನ್ನ ಹೊತ್ತಿಗೆ ಬೆಲೆ ಜಾಸ್ತಿ, ನಿನ್ನ ಹೊತ್ತಿಗೆ ಕಡಿಮೆ ಅಂತ ಬಾಯಿ ಬಿಡದೆ ಹೇಳುತ್ತಾನೆ. ನಾನು ಇದನ್ನು ನನ್ನ ಅರ್ಜಿಯ ಲೇಖನದಲ್ಲಿ ಉಲ್ಲೇಖಿಸಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಕಾಯುವ ರೈತರ ಬಗ್ಗೆ. ಆ ಲೇಖನವನ್ನು ಓದಿ, ಭೇಷ್ ಅಂದು, ಪಕ್ಕಕ್ಕಿಟ್ಟು, ನನ್ನನ್ನು ತಿಂಗಳುಗಟ್ಟಲೆ ಕಾಯಿಸಿದರು.

ಪಹಣಿಯವರಾದರೂ "ಸರ್ವರ್ ಡೌನ್" ಅಂತಾರೆ.

ಮೊದಲ ಉತ್ತರ ಫೆಬ್ರವರಿಯಲ್ಲಿ ಬಂತು. ಇದರಲ್ಲೂ ಒಂದು ಶಕುನ ಶಾಸ್ತ್ರ ಇದೆ. ಸೀಟು ಕೊಡುವವರು ಸಾಮಾನ್ಯವಾಗಿ ಪ್ರೊಫೆಸರೇ ಬರೆಯುತ್ತಾರೆ, ಹೆಸರು ಹಿಡಿದು, ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಇಲ್ಲ ಅನ್ನುವವರದು "ನಿಮ್ಮ ಅರ್ಜಿಯಲ್ಲಿ ಬದಲಾವಣೆಯಾಗಿದೆ, ಪೋರ್ಟಲ್ ನೋಡಿ" ಅಂತ ಒಂದು ಸಾಲು. ಬೇಡ ಅನ್ನುವುದನ್ನೂ ನಾವೇ ಹೋಗಿ ತರಬೇಕು. ನನಗೆ ಬಂದಿದ್ದು ಒಂದು ಸಾಲು. ಪಾಸ್‌ವರ್ಡ್ ಮರೆತಿತ್ತು. ಹೊಸದು ಕೇಳಿದೆ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ ಅಂತು. ನಾಯಿ ಎಲ್ಲಿದೆ, ಬೆಟ್ಟ ಎಲ್ಲಿದೆ ಅಂತ ಚಿತ್ರ ಒತ್ತಿಸಿತು. ಇಷ್ಟೆಲ್ಲಾ ಪರೀಕ್ಷೆ ಪಾಸಾದ ಮೇಲೆ ಒಳಗೆ ಬಿಟ್ಟು, ಫೇಲ್ ಅಂತ ಹೇಳಿತು. ಕೆಲವು ಪೋರ್ಟಲ್‌ಗಳಲ್ಲಿ ಸೀಟು ಸಿಕ್ಕರೆ ಪರದೆ ತುಂಬ ಬಣ್ಣದ ಚೂರು ಉದುರುತ್ತದಂತೆ, ಬರ್ತ್‌ಡೇ ಥರ. ನನಗೆ ಉದುರಿದ್ದು ಕೂದಲು.

ಪತ್ರದ ಭಾಷೆ ನೋಡಬೇಕು ನೀವು. ಈ ವರ್ಷ ತುಂಬಾ ಪ್ರತಿಭಾವಂತರು ಅರ್ಜಿ ಹಾಕಿದ್ದರು. ಅನೇಕ ಅರ್ಹರಿಗೆ ಸೀಟು ಕೊಡಲು ಆಗಲಿಲ್ಲ. ಇದು ನಿಮ್ಮ ಯೋಗ್ಯತೆಯ ಅಳತೆ ಅಲ್ಲ. ನಮ್ಮ ವಿಭಾಗಕ್ಕೂ ನಿಮಗೂ 'ಫಿಟ್' ಆಗಲಿಲ್ಲ, ಅಷ್ಟೇ. ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಅನುವಾದವೇ ಬೇಕಾಗಲಿಲ್ಲ. "ಹುಡುಗಿ ಲಕ್ಷಣವಾಗಿದಾಳೆ, ಉಪ್ಪಿಟ್ಟೂ ಚೆನ್ನಾಗಿತ್ತು, ಜಾತಕ ಕೂಡಿ ಬರಲಿಲ್ಲ. ಅಷ್ಟೇ ತಾನೇ?" ಅಷ್ಟೇ. ಜಾತಕ ಕೂಡಿ ಬರಲಿಲ್ಲ ಅಂದರೆ ಅದರ ಹಿಂದೆ ಬಣ್ಣ ಇರಬಹುದು, ಸೈಟ್ ಇರಬಹುದು, ಅತ್ತಿಗೆಯ ತಂಗಿ ಇರಬಹುದು. ಫಿಟ್ ಅನ್ನುವುದರ ಹಿಂದೆ ಏನಿದೆಯೋ ಆ ರಾಹುವಿಗೇ ಗೊತ್ತು.

ಇದನ್ನೂ ಸೋಷಿಯಾಲಜಿಯವರು ಮೊದಲೇ ಬರೆದಿಟ್ಟಿದ್ದಾರೆ. 1952ರಲ್ಲಿ ಅರ್ವಿಂಗ್ ಗಾಫ್‌ಮನ್ ಒಂದು ಲೇಖನ ಬರೆದರು. ಟೋಪಿ ಹಾಕುವವರ ಗುಂಪು ಒಬ್ಬನ ದುಡ್ಡು ಹೊಡೆದು ಓಡುತ್ತದೆ, ಆದರೆ ಒಬ್ಬ ಮಾತ್ರ ಹಿಂದೆ ಉಳಿಯುತ್ತಾನೆ. ಅವನ ಕೆಲಸ ದುಡ್ಡು ಕಳಕೊಂಡವನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡುವುದು, ನಿನ್ನಂಥ ಬುದ್ಧಿವಂತನಿಗೂ ಹೀಗಾಗುತ್ತೆ ಮಾರಾಯ ಅಂತ ತಣ್ಣಗೆ ಮಾಡಿ ಮನೆಗೆ ಕಳಿಸುವುದು, ಪೊಲೀಸ್ ಸ್ಟೇಷನ್ ಕಡೆ ಹೋಗದ ಹಾಗೆ ನೋಡಿಕೊಳ್ಳುವುದು. ಸಮಾಜದಲ್ಲಿ ಸೋತವರನ್ನು ನಾವೆಲ್ಲ ಹೀಗೇ ತಣ್ಣಗೆ ಮಾಡುತ್ತೇವೆ ಅಂತ ಅವರ ವಾದ. ಇದನ್ನು ಎಂ.ಎ.ಯಲ್ಲಿ ಓದುವಾಗ ಅರ್ಥವಾಗಿರಲಿಲ್ಲ. ಒಂದೊಂದು ಪಾಠಕ್ಕೆ ಎಂಟು ಸಾವಿರದಂತೆ ಫೀಸ್ ಕಟ್ಟಿ ಪ್ರಾಕ್ಟಿಕಲ್ ಮಾಡಿದ ಮೇಲೆ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಟ್ರಂಪ್ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಿಡಿಯಿತು. 2025ರ ಫೆಬ್ರವರಿಯಲ್ಲಿ ಗಾಬರಿಬಿದ್ದ ಹಲವು ಯೂನಿವರ್ಸಿಟಿಗಳು ಪಿಎಚ್‌ಡಿ ಸೀಟು ಇಳಿಸಿದವು, ಒಂದೆರಡು ಕಡೆ ಅಡ್ಮಿಷನ್ನೇ ಸ್ವಲ್ಪ ದಿನ ನಿಲ್ಲಿಸಿದವು. ಮೊದಲೇ ನೂರಾರು ಅರ್ಜಿಗೆ ಹತ್ತರ ಆಸುಪಾಸು ಸೀಟು. ಅದರಲ್ಲೂ ಕಡಿತ, ಅದೂ ಅರ್ಜಿ ಬಂದು ಫೀಸ್ ಜಮೆಯಾಗಿ ಎರಡು ತಿಂಗಳಾದ ಮೇಲೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಗಂಡಿನ ಕೆಲಸ ಹೋದ ಹಾಗೆ. ಛತ್ರದವರಾದರೂ ಅರ್ಧ ವಾಪಸ್ ಕೊಡುತ್ತಾರೆ.

ಯುಗಾದಿಗೆ ದೊಡ್ಡಮ್ಮ ಬಂದರು. ಅಪ್ಪ ಪಂಚಾಂಗದಲ್ಲಿ ನನ್ನ ರಾಶಿಯ ಆದಾಯ, ವ್ಯಯ ಓದಿದರು. ವ್ಯಯ ನನಗೆ ಮೊದಲೇ ಗೊತ್ತಿತ್ತು. ಆ ಹೊತ್ತಿಗೆ ಆರು ಕಡೆಯಿಂದ ಜಾತಕ ಕೂಡಿ ಬರಲಿಲ್ಲ ಅಂತ ಬಂದಿತ್ತು. ಒಂದು ಕಡೆ ವೇಟ್‌ಲಿಸ್ಟ್. ಇನ್ನೊಂದು ಸುಮ್ಮನಿತ್ತು.

ನಮ್ಮ ಸಿಇಟಿಯನ್ನು ನಾನು ಬೇಕಾದಷ್ಟು ಬೈದಿದ್ದೇನೆ. ಈಗ ಅದನ್ನು ನಡೆಸುವ ಮಲ್ಲೇಶ್ವರದ ಕೆಇಎ ಕಚೇರಿ ಕಡೆ ತಿರುಗಿ ಕೈ ಮುಗಿಯೋಣ ಅನ್ನಿಸುತ್ತೆ. ಅಲ್ಲಿ ರ‍್ಯಾಂಕ್ ಇದೆ. ಮಾಕ್ ಅಲಾಟ್‌ಮೆಂಟ್ ಅಂತ ಮೊದಲೇ ಒಂದು ಸುಳ್ಳು ಸೀಟು ಕೊಟ್ಟು ನಿಜದ ಸೀಟಿಗೆ ಮನಸ್ಸು ತಯಾರು ಮಾಡುತ್ತಾರೆ. ಆಮೇಲೆ ಚಾಯ್ಸ್ ಒಂದು, ಸೀಟು ಒಪ್ಪಿಗೆ. ಎರಡು, ಒಪ್ಪಿಗೆ ಆದರೆ ಇನ್ನೂ ಆಸೆ ಇದೆ. ಮೂರು, ಇದು ಬೇಡ ಮುಂದಿನ ಸುತ್ತು. ನಾಲ್ಕು, ನಮಸ್ಕಾರ. ಮನುಷ್ಯನ ಬದುಕಿನ ಎಲ್ಲ ಸ್ಥಿತಿಯೂ ನಾಲ್ಕು ಬಟನ್‌ನಲ್ಲಿ! ರೈಲ್ವೆಯವರಾದರೂ ಡಬ್ಲ್ಯುಎಲ್ 14 ಅಂತ ನಂಬರ್ ಕೊಡುತ್ತಾರೆ, ಹದಿನಾಲ್ಕು ಜನಕ್ಕೆ ಜ್ವರ ಬರಲಿ ಅಂತ ನಿರ್ದಿಷ್ಟವಾಗಿ ಬೇಡಿಕೊಳ್ಳಬಹುದು. ನನ್ನ ವೇಟ್‌ಲಿಸ್ಟ್‌ನಲ್ಲಿ ನಂಬರ್ ಇಲ್ಲ. ಎಷ್ಟನೆಯವಳು ಅಂತ ಮರ್ಯಾದೆಯಾಗಿ ಬರೆದು ಕೇಳಿದೆ. ನಮ್ಮ ಪಟ್ಟಿಗೆ ಕ್ರಮಾಂಕ ಇರುವುದಿಲ್ಲ, ನಿಮ್ಮ ತಾಳ್ಮೆಗೆ ಧನ್ಯವಾದ ಅಂತ ಉತ್ತರ. ನಾನು ತಾಳ್ಮೆ ಕೊಟ್ಟೇ ಇರಲಿಲ್ಲ, ಅವರೇ ತೆಗೆದುಕೊಂಡಿದ್ದರು.

ಈ ಪಟ್ಟಿ ಕರಗುವುದು ಏಪ್ರಿಲ್ 15ಕ್ಕೆ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅಂತ ಒಂದು ಸಂಸ್ಥೆ ಇದೆ, ಅದರ ಒಡಂಬಡಿಕೆಗೆ ಸಹಿ ಹಾಕಿದ ಯೂನಿವರ್ಸಿಟಿಗಳು ಸ್ಟೈಪೆಂಡ್ ಸಮೇತ ಸೀಟು ಸಿಕ್ಕವರನ್ನು ಆ ತಾರೀಖಿನವರೆಗೆ ಉತ್ತರ ಕೊಡು ಅಂತ ಒತ್ತಾಯ ಮಾಡುವಂತಿಲ್ಲ. ಒಳ್ಳೆಯ ನಿಯಮ, ಸೀಟು ಸಿಕ್ಕವರಿಗೆ. ಐದು ಕಡೆ ಸಿಕ್ಕ ಪುಣ್ಯಾತ್ಮ ಐದು ಬಸ್ಸಿಗೂ ಕಿಟಕಿಯಿಂದ ಕರ್ಚೀಫ್ ಹಾಕಿ, ಸ್ಟ್ಯಾಂಡ್‌ನಲ್ಲಿ ಕಡಲೆಕಾಯಿ ತಿನ್ನುತ್ತಾ ಯೋಚನೆ ಮಾಡುತ್ತಿರುತ್ತಾನೆ. ನಾವು ಫುಟ್‌ಬೋರ್ಡ್ ಮೇಲೆ ಒಂದು ಕಾಲು ಇಟ್ಟು ಅವನ ಕರ್ಚೀಫ್ ನೋಡುತ್ತಾ ನಿಂತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 15ರ ಮಧ್ಯರಾತ್ರಿ ಕಳೆಯುವಾಗ ನಮಗೆ 16ರ ಮಧ್ಯಾಹ್ನ ಹನ್ನೆರಡೂವರೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯಿತು, ಫೋನ್ ಸಿಡಿಯಲಿಲ್ಲ. ಎರಡು ದಿನ ಬಿಟ್ಟು ಬಂತು: ತರಗತಿ ಭರ್ತಿಯಾಗಿದೆ.

ಉಳಿದಿದ್ದು ಆ ಎಂಟನೆಯದು. ಮೇ ಬಂತು, ಮಾವಿನಹಣ್ಣು ಬಂದು ಹೋಯಿತು, ಜೂನ್‌ನಲ್ಲಿ ಶಾಲೆ ಶುರುವಾಯಿತು. ಪೋರ್ಟಲ್‌ನಲ್ಲಿ ಇನ್ನೂ 'ಅಂಡರ್ ರಿವ್ಯೂ'. ಆ ವಿಭಾಗಕ್ಕೆ ಹೊಸದಾಗಿ ಸೇರುವವರ ಫೋಟೋ ವೆಬ್‌ಸೈಟ್‌ನಲ್ಲಿ ಬಂತು, ನಾಲ್ಕು ಜನ ನಗುತ್ತಾ ನಿಂತಿದ್ದಾರೆ, ನಾನು ಮಾತ್ರ ಇನ್ನೂ ಪರಿಶೀಲನೆಯಲ್ಲಿದ್ದೇನೆ. ದೊಡ್ಡಮ್ಮ ಹಾಸನದಿಂದ ಬಂದಿದ್ದಾಗ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಇವರೂ ಶಿವಮೊಗ್ಗದವರೇ" ಅಂದರು.

ಜುಲೈನಲ್ಲಿ ಕೊನೆಗೂ ಅಲ್ಲಿಂದ ಮೇಲ್ ಬಂತು. ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ತೆರೆದೆ. ನಮ್ಮ ಅರ್ಜಿ ವ್ಯವಸ್ಥೆಯನ್ನು ಬಳಸಿದ ನಿಮ್ಮ ಅನುಭವ ಹೇಗಿತ್ತು, ಐದು ನಿಮಿಷದ ಸರ್ವೆ, ದಯವಿಟ್ಟು ಬೇಗ ಉತ್ತರಿಸಿ. ಕೆಳಗೆ, ನಿಮ್ಮ ಅಭಿಪ್ರಾಯವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಅಂತ ಒಂದು ಖಾಲಿ ಡಬ್ಬಿ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ, ಹೇಳಿದರು, ನಾನು ಕನ್ನಡದಲ್ಲೇ ಟೈಪ್ ಮಾಡಿ ಕಳಿಸಿದೆ:

"ಊರಿಗೆ ಹೋಗಿ ಕಾಗದ ಹಾಕ್ತೀವಿ."